ದೇವರಿಗೆ ಬೆನ್ನು ಹಾಕಿ ಕೂತ ಮಗು

ನನ್ನ ಬೀಗಿತ್ತಿ ವೆಂಕಟಮ್ಮನವರ ಮನೆಯ ಪಡಸಾಲೆಯಲ್ಲಿ, ಟಿ.ವಿ.ಯ ಎದುರಿಗೆ, ನೋಡಿದವರೆಲ್ಲ ಒಮ್ಮೆ ಕೈಯಾಡಿಸಿ ಹೋಗುವಂಥ ಒಂದು ಪುಟ್ಟ ಪೀಠವಿತ್ತು. ಬೂದು ಬಣ್ಣದ ದಪ್ಪ ಮೆತ್ತೆ, ತಲೆಯ ಎರಡೂ ಪಕ್ಕಕ್ಕೆ ಚಾಚಿಕೊಂಡ ಆಸರೆ, ಹೆಗಲಿನಿಂದಲೂ ಸೊಂಟದಿಂದಲೂ ಇಳಿದು ಬಂದು ನಡುವೆ ಕೆಂಪು ಗುಂಡಿಯಲ್ಲಿ ಕೂಡುವ ಪಟ್ಟಿಗಳು. ಇಷ್ಟೆಲ್ಲದರ ಮೇಲೆ ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಕವರು, ಹಾಗೇ, ಹರಿಯದೆ. ಹನ್ನೊಂದು ತಿಂಗಳ ನನ್ನ ಮೊಮ್ಮಗಳು ಚಿನ್ನಿ ಅದರಲ್ಲಿ ವಿರಾಜಮಾನಳಾಗಿ, ಅಜ್ಜಿ ಕಿವುಚಿ ಕೊಟ್ಟ ಮುದ್ದೆಸಾರನ್ನು ಗಲ್ಲಕ್ಕೆಲ್ಲ ಬಳಿದುಕೊಂಡು, ಟಿ.ವಿ. ನೋಡುತ್ತಿದ್ದಳು. ಅವಳು ಎದ್ದ ಮೇಲೆ ಅದರಲ್ಲಿ ಒಗೆದ ಬಟ್ಟೆ ಬೀಳುತ್ತಿತ್ತು. ಅದು ಕಾರಿನಲ್ಲಿರಬೇಕಾದ ಸೀಟು. ಮಗುವನ್ನು ಕಾರಿನಲ್ಲಿ ಕರೆದೊಯ್ಯುವಾಗ ಕೂರಿಸಲೆಂದು ನನ್ನ ಮಗಳು ಭವ್ಯ ಆಸೆಪಟ್ಟು ಕೊಂಡು ತಂದದ್ದು. ಕಾರು ಮಾತ್ರ ಹೊರಗೆ ಹುಣಸೆಮರದ ನೆರಳಲ್ಲಿ ನಿಂತಿತ್ತು, ಸೀಟು ಒಳಗೆ ಫ್ಯಾನಿನ ಕೆಳಗೆ ಕೂತಿತ್ತು, ಮತ್ತು ಕಾರು ಹೊರಟಾಗಲೆಲ್ಲ ಮಗು ಯಾರದಾದರೂ ತೊಡೆಯ ಮೇಲಿರುತ್ತಿತ್ತು.

"ಕಾರ್‌ನಾಗೆ ಇಟ್ರೆ ಬಿಸ್ಲಿಗೆ ಬಣ್ಣ ಓಯ್ತದೆ ಟೀಚರಮ್ಮ, ಅದ್ಕೇ ಒಳಕ್ಕೆ ತಂದಿಟ್ಟಿವ್ನಿ" ಎಂದರು ವೆಂಕಟಮ್ಮ, ತುಂಬ ಜಾಣತನದ ಕೆಲಸ ಮಾಡಿದವರ ಹಾಗೆ.

ನೀವು ನನ್ನ ಸ್ನೇಹಿತರೆಂದುಕೊಂಡು ಮೊದಲೇ ಹೇಳಿಬಿಡುತ್ತೇನೆ: ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಕೆ.ಜಿ.ಎಫ್.ನ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನ ಮುಂದೆ ಮಾತ್ರ ಕನ್ನಡ ಆಡುತ್ತಿದ್ದ ಮಕ್ಕಳಿಗೆ ಮೂರು ಭಾಷೆಯಲ್ಲೂ ಗದರಿ ಅಭ್ಯಾಸವಾದ ಗಂಟಲು ಇದು. ಆದರೂ ಬೀಗರ ಮನೆಯಲ್ಲಿ ಗಂಟಲು ಏರಿಸಬಾರದೆಂಬ ಸಂಸ್ಕಾರವೊಂದಿದೆಯಲ್ಲ, ಅದಕ್ಕಾಗಿ ಸಿಟ್ಟು ನುಂಗಿಕೊಂಡು ಅಂದು ಸುಮ್ಮನೆ ನಕ್ಕು ಬಂದೆ. ಬಸ್ಸಿನಲ್ಲಿ ಬರುತ್ತ ದಾರಿಯುದ್ದಕ್ಕೂ ಹಲ್ಲು ಕಡಿದೆ.

ನಮ್ಮ ಜನ ವಾಹನಕ್ಕೆ ಮಾಡುವ ಉಪಚಾರವನ್ನು ಒಮ್ಮೆ ನೆನೆಯಿರಿ. ಕಾರು ಬಂದ ದಿನ ಆರತಿ, ಅರಿಶಿನ, ಕುಂಕುಮ, ಚಕ್ರದಡಿ ನಿಂಬೆಹಣ್ಣು, ಮುಂದೆ ಮೆಣಸಿನಕಾಯಿಯ ತೋರಣ, ಆಯುಧಪೂಜೆಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಗಾಜಿನ ಮೇಲೆ ದೇವರ ಹೆಸರು ಬರೆಸಿ, ಸೀಟುಗಳ ಪ್ಲಾಸ್ಟಿಕ್ಕನ್ನು ಮೂರು ಬೇಸಿಗೆ ಬೆವರಿದರೂ ತೆಗೆಯದೆ ಕಾಪಾಡುತ್ತೇವೆ. ಬಣ್ಣ ಕೆಟ್ಟೀತು, ಗೀರು ಬಿದ್ದೀತು, ದೃಷ್ಟಿ ತಾಗೀತು ಎಂಬ ಭಯ ನಮಗಿದೆ. ಅದೇ ಕಾರಿನೊಳಗೆ, ಕತ್ತು ಇನ್ನೂ ಗಟ್ಟಿಯಾಗದ ಹಸುಗೂಸನ್ನು ಮುಂದಿನ ಸೀಟಿನಲ್ಲಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ, ತೊಡೆಯ ಮೇಲೆ ನಿಲ್ಲಿಸಿಕೊಂಡು "ನೋಡು ಚಿನ್ನಾ, ರೈಲು" ಎಂದು ತೋರಿಸುವಾಗ ಮಾತ್ರ ನಮಗೆ ಯಾವ ಭಯವೂ ಇಲ್ಲ. ಬಣ್ಣಕ್ಕಿರುವ ಬೆಲೆ ಬುರುಡೆಗಿಲ್ಲ ಎಂದರೆ ಸಿಟ್ಟು ಬರಬಾರದೆ?

ಮಡಿಲು ಎಂಬ ಮಾತು ಬಂದೊಡನೆ ನಾವೆಲ್ಲ ಕರಗಿಬಿಡುತ್ತೇವೆ, ಕನ್ನಡದ ಟೀಚರಾದ ನಾನಂತೂ ಅದರ ಮೇಲೆ ಎಷ್ಟೋ ಪಾಠ ಮಾಡಿದವಳು. ತಾಯ ಮಡಿಲು, ಭೂಮಿಯ ಮಡಿಲು, ಪ್ರಕೃತಿಯ ಮಡಿಲು. ಮಡಿಲು ತುಂಬುವುದು, ಮಡಿಲಲ್ಲಿ ಕಣ್ಣು ಮುಚ್ಚುವುದು. ನಿಂತ ನೆಲದಲ್ಲಿ, ಕೂತ ಚಾಪೆಯಲ್ಲಿ ಅದು ಎಷ್ಟು ದೊಡ್ಡ ಆಸರೆಯೋ ಅಷ್ಟೂ ನಿಜ. ಆದರೆ ಓಡುವ ಕಾರಿಗೆ ಕಾವ್ಯ ಅರ್ಥವಾಗುವುದಿಲ್ಲ. ಕಾರು ಗಕ್ಕನೆ ನಿಂತ ಗಳಿಗೆಯಲ್ಲಿ ಮಡಿಲೂ ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ; ಮಗು ಕಾರಿನ ವೇಗದಲ್ಲೇ ಮುಂದಕ್ಕೆ ಹೊರಟುಬಿಡುತ್ತದೆ, ಹೂವಿನಂತೆ ಎತ್ತಿಕೊಳ್ಳುತ್ತಿದ್ದ ಅದೇ ಮಗು ಯಾವ ಪೈಲ್ವಾನನ ತೋಳಿಗೂ ಮಣಿಯದಷ್ಟು ಭಾರವಾಗಿರುತ್ತದೆ. ದೊಡ್ಡವರು ಬೆಲ್ಟು ಹಾಕಿರದಿದ್ದರಂತೂ ಅವರ ಮೈಯೂ ಮಗುವಿನ ಮೇಲೆಯೇ ಹೋಗಿ ಬೀಳುತ್ತದೆ.

ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ನನ್ನ ಜೊತೆ ಕೆಲಸ ಮಾಡಿದ ಎಸ್ತರ್ ಟೀಚರ್ ಕಲಿಸಿದಳು. ಕೆ.ಜಿ.ಎಫ್.ನ ಕೋರಮಂಡಲ್ ಬಡಾವಣೆಯ ಮನೆಯಿಂದ ಅವಳು ಮೊಮ್ಮಗನನ್ನು ತೊಡೆಯಲ್ಲಿಟ್ಟುಕೊಂಡು ಮಾರ್ಕೆಟ್ಟಿಗೆ ಹೊರಟಿದ್ದಳು, ಇಲ್ಲೇ ತಾನೆ ಎಂದು. ಅಡ್ಡ ಬಂದ ನಾಯಿಯನ್ನು ಉಳಿಸಲು ಅಳಿಯ ಬ್ರೇಕು ಒತ್ತಿದ. ನಾಯಿ ಉಳಿಯಿತು. ಮಗುವಿನ ದವಡೆ ಮುರಿಯಿತು, ತುಟಿ ಸೀಳಿತು, ಆಗಷ್ಟೇ ಬಂದಿದ್ದ ಹಲ್ಲುಗಳು ಹೋದವು. ನಾನು ಆಸ್ಪತ್ರೆಗೆ ಹೋದಾಗ ಅವಳು ಬೆಂಚಿನ ಮೇಲೆ ಕೂತು, ಎರಡೂ ಕೈಯನ್ನು ಎದೆಯ ಮುಂದೆ ಬಳಸಿಕೊಂಡು, ಮಗುವನ್ನು ಹಿಡಿದ ಭಂಗಿಯಲ್ಲೇ ಇದ್ದಳು. "ಗೆಟ್ಟಿಯಾ ಪಿಡ್ಚಿಕೊಂಡಿದ್ದೆ ಟೀಚರ್" ಎಂದಳು, ತಮಿಳೂ ಕನ್ನಡವೂ ಕಲಸಿಹೋದ ಮಾತಿನಲ್ಲಿ. "ಕೈ ಬಿಡ್ಲೇ ಇಲ್ಲ ನಾನು. ನೋಡ್ತೀನಿ, ಕೈ ಹಿಂಗೇ ಇದೆ, ಕೊಳಂದೆ ಇಲ್ಲ, ಮಗು ಇಲ್ಲ." ಸುತ್ತ ನಿಂತಿದ್ದವರೆಲ್ಲ ದೇವರು ದೊಡ್ಡವನು, ಜೀವ ಉಳಿಯಿತಲ್ಲ ಎನ್ನುತ್ತಿದ್ದರು. ದೇವರು ದೊಡ್ಡವನೇ ಇರಬಹುದು. ಆ ಮಗು ಈಗಲೂ ಒಂದೇ ಪಕ್ಕದಲ್ಲಿ ಅಗಿಯುತ್ತದೆ, ನಗುವಾಗ ತುಟಿಯ ಗೆರೆ ಮೇಲಕ್ಕೆಳೆಯುತ್ತದೆ, ಎಸ್ತರ್ ಅವನ ಮುಖವನ್ನು ನೇರವಾಗಿ ನೋಡುವುದಿಲ್ಲ.

"ಇಲ್ಲೇ ತಾನೆ" ಎಂಬುದೊಂದು ಮಾತು ನಮ್ಮಲ್ಲಿದೆ. ಬಂಗಾರಪೇಟೆ ಸ್ಟೇಷನ್ನಿಗೆ ಇಲ್ಲೇ ತಾನೆ, ಡೇರಿಗೆ ಇಲ್ಲೇ ತಾನೆ, ತವರಿಗೆ ಇಲ್ಲೇ ತಾನೆ. ದೂರದ ಊರಿಗೆ ಹೊರಟವರು ದೇವರಿಗೆ ಕೈಮುಗಿದು, ಚಕ್ರದ ಗಾಳಿ ನೋಡಿ, ಬೆಲ್ಟು ಎಳೆದುಕೊಂಡು ಹೊರಡುತ್ತಾರೆ. ಇಲ್ಲೇ ಹೋಗುವವರಿಗೆ ಯಾವುದೂ ಬೇಡ. ನನ್ನ ಬೀದಿಯಲ್ಲಿ ನಂದಿದುರ್ಗ ಗಣಿಯಲ್ಲಿ ದುಡಿದ ಮುದುಕರಿದ್ದಾರೆ. ಅವರು ಭೂಮಿಯೊಳಕ್ಕೆ ಇಳಿಯುತ್ತಿದ್ದ ಕೇಜು, ಅಂದರೆ ಆ ಕಬ್ಬಿಣದ ತೊಟ್ಟಿಲು, ಗೇಟು ಹಾಕಿ ಗಂಟೆ ಹೊಡೆಯದೆ ಒಂದಂಗುಲ ಅಲ್ಲಾಡುತ್ತಿರಲಿಲ್ಲವಂತೆ. ಗೇಟಿನಾಚೆ ಕೈ ಚಾಚಿದವನಿಗೆ ಕಪಾಳಕ್ಕೆ ಬೀಳುತ್ತಿತ್ತಂತೆ. ಇದನ್ನು ಹೆಮ್ಮೆಯಿಂದ ಹೇಳಿ ಮುಗಿಸಿದವರೇ ಎದ್ದುಹೋಗಿ, ಸ್ಕೂಟರಿನ ಮುಂದುಗಡೆ ಮೊಮ್ಮಗುವನ್ನು ನಿಲ್ಲಿಸಿಕೊಂಡು ಬೇಕರಿಗೆ ಹೊರಟುಬಿಡುತ್ತಾರೆ. ನಾನು ಕೂಗಿದರೆ ಕೈಬೀಸಿ ನಗುತ್ತಾರೆ.

ಇರಲಿ, ಕತೆಗೆ ಬರುತ್ತೇನೆ. ನಾನು ಮತ್ತೆ ಬೀಗರ ಮನೆಗೆ ಹೋಗಿ, ಪ್ಲಾಸ್ಟಿಕ್ ಹರಿದು, ಅಳಿಯ ಶ್ರೀನಿವಾಸನನ್ನು ನಿಲ್ಲಿಸಿಕೊಂಡು, ಸೀಟನ್ನು ಕಾರಿನ ನಡುಸಾಲಿನಲ್ಲಿ ಕಟ್ಟಿಸಿದೆ. ಅವನದು ಏಳು ಜನ ಕೂರುವ ಕಾರು. ಹಾಲಿನ ವ್ಯವಹಾರವೂ ಬೆಂಗಳೂರಿನ ಕೆಲಸವೂ ಎರಡೂ ಇರುವವನು. ಒಳ್ಳೆಯವನು, ಆದರೆ ತಾಯಿಯ ಎದುರು ಬಾಯಿ ಬಿಡುವವನಲ್ಲ. ಈ ವಯಸ್ಸಿನ ಮಗು ಹಿಮ್ಮುಖವಾಗಿ ಕೂರಬೇಕು, ಎಂದರೆ ಅದರ ಬೆನ್ನು ಡ್ರೈವರನ ಕಡೆಗೆ, ಮುಖ ಕಾರಿನ ಹಿಂಬದಿಗೆ. ಮೈಗೆ ಹೋಲಿಸಿದರೆ ಕೂಸಿನ ತಲೆ ಭಾರ, ಕತ್ತು ಎಳೆಯದು. ಮುಮ್ಮುಖ ಕೂತರೆ ಬ್ರೇಕಿನ ಹೊಡೆತಕ್ಕೆ ಮೈಯನ್ನು ಪಟ್ಟಿ ಹಿಡಿದರೂ ತಲೆ ಮುಂದಕ್ಕೆ ಚಿಮ್ಮುತ್ತದೆ. ಹಿಮ್ಮುಖ ಕೂತರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟು ಒಟ್ಟಿಗೆ ಆತುಕೊಳ್ಳುತ್ತದೆ. ಕಾರಿನ ಬೆಲ್ಟು ಸೀಟಿನ ಸರಿಯಾದ ದಾರಿಯಲ್ಲೇ ಹಾಯಬೇಕು, ಅಲುಗಿಸಿದರೆ ಸೀಟು ಮಿಸುಕಬಾರದು. ಮಗುವಿನ ಹೆಗಲ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಸೀಟಿನ ಜೊತೆ ಬಂದದ್ದನ್ನು ಬಿಟ್ಟು ಮಗುವಿನ ಕೆಳಗಾಗಲಿ ಹಿಂದಾಗಲಿ ದಿಂಬು, ಟವೆಲ್ಲು, ಕಂಬಳಿ ಯಾವುದನ್ನೂ ತುರುಕಬಾರದು. ಕಷ್ಟದ ವಿದ್ಯೆಯೇನಲ್ಲ ಇದು, ಸೀರೆ ಉಡುವುದಕ್ಕಿಂತ ಸುಲಭ.

"ಎಷ್ಟು ವರ್ಷ ಅತ್ತೆ ಇದೆಲ್ಲ?" ಎಂದು ಕೇಳಿದ ಶ್ರೀನಿವಾಸ. ಈ ಸೀಟಿಗೆ ಹಿಡಿಸುವಷ್ಟು ಕಾಲ ಹಿಮ್ಮುಖ, ಆಮೇಲೆ ಪಟ್ಟಿ ಹಾಕಿ ಮುಮ್ಮುಖ, ಅದೂ ಚಿಕ್ಕದಾದ ಮೇಲೆ ಎತ್ತರದ ಪೀಠ, ಕಾರಿನ ಬೆಲ್ಟು ಕುತ್ತಿಗೆಗಲ್ಲ ಹೆಗಲಿಗೆ, ಹೊಟ್ಟೆಗಲ್ಲ ಸೊಂಟದ ಮೂಳೆಗೆ ಬರುವವರೆಗೆ ಎಂದೆ. "ಅಂದ್ರೆ ಐಸ್ಕೂಲಿಗ್ ಓಗೋವರ್ಗೂನಾ!" ಎಂದು ನಕ್ಕ. ನಾನು ನಗಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ವೆಂಕಟಮ್ಮ ಒಂದೇ ಮಾತೆಂದರು: "ಕರ ಕಟ್ದಂಗೆ ಮಗೀನ ಕಟ್ಟಾಕ್ತಾರಾ ಟೀಚರಮ್ಮ? ಅದೇನು ಓಡೋಯ್ತದಾ?"

ಆ ಮಾತು ನನ್ನನ್ನು ಇರಿಯಿತು, ಯಾಕೆಂದರೆ ವೆಂಕಟಮ್ಮ ಕರುವನ್ನು ಹೇಗೆ ತಂದರೆಂದು ನಾನು ಕಣ್ಣಾರೆ ಕಂಡಿದ್ದೆ. ಸೀಮೆಹಸುವಿನ ಎಳೆಗರುವೊಂದನ್ನು ಸಂತೆಯಿಂದ ಗೂಡ್ಸ್ ಆಟೊದಲ್ಲಿ ತಂದಿದ್ದರು. ಕೆಳಗೆ ಹುಲ್ಲು, ಅದರ ಮೇಲೆ ಗೋಣಿ, ಎರಡು ಪಕ್ಕಕ್ಕೂ ಗಿಡ್ಡ ಹಗ್ಗ. ಸಾಲದ್ದಕ್ಕೆ ತಾವೇ ಹಿಂದೆ ಕೂತು, ಹುಷಾರಾಗಿ ಓಡಿಸೆಂದು ಡ್ರೈವರನಿಗೆ ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದರು. ಉದ್ದ ಬಿಟ್ಟರೆ ಬ್ರೇಕು ಹಾಕಿದಾಗ ಮುಗ್ಗರಿಸಿ ಕಾಲು ಮುರಿದುಕೊಳ್ಳುತ್ತದೆ ಎಂದು ನನಗೇ ವಿವರಿಸಿದ್ದರು. ಬ್ರೇಕು ಎಂದರೇನೆಂದು ಈ ಊರಿನ ಹಾಲು ಕರೆಯುವ ಪ್ರತಿ ಹೆಂಗಸಿಗೂ ಗೊತ್ತು. ಕರುವಿನ ವಿಷಯದಲ್ಲಿ ಗೊತ್ತಿರುವುದು ಮಗುವಿನ ವಿಷಯದಲ್ಲಿ ಯಾಕೆ ಮರೆತುಹೋಗುತ್ತದೆ? ಮಗುವನ್ನು ನಾವು ಪ್ರೀತಿಸುತ್ತೇವೆ, ಆ ಪ್ರೀತಿಯೇ ಸಾಕೆಂದು ನಂಬಿದ್ದೇವೆ. ಪ್ರೀತಿಯ ಜೊತೆಗೆ ಹಗ್ಗವೂ ಬೇಕೆಂದು ಕರುವಿಗೆ ಒಪ್ಪುವವರು ಕೂಸಿಗೆ ಒಪ್ಪುವುದಿಲ್ಲ.

ಹೀಗಿರುವಾಗ ಚಿನ್ನಿಯ ಮುಡಿ ಬಂತು. ಹನ್ನೊಂದನೆಯ ತಿಂಗಳಲ್ಲಿ ಮನೆದೇವರಿಗೆ ಮೊದಲ ಕೂದಲು ಕೊಡುವುದು ಬೀಗರ ಪದ್ಧತಿ. ದೇವರಿರುವುದು ಕಾಮಸಮುದ್ರದ ದಾರಿಯ ಒಂದು ಗುಡ್ಡದ ಮೇಲೆ. ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕೆಂಬುದು ಎಲ್ಲೆಡೆ ಇರುವ ಶಾಸ್ತ್ರವೇ. ವೆಂಕಟಮ್ಮನವರ ಮನೆಯಲ್ಲಿ ಅದಕ್ಕೆ ಇನ್ನೊಂದು ಬಾಲವಿದೆ: ಮುಡಿ ಕೊಟ್ಟ ಮಗು ಮನೆಯ ಹೊಸಿಲು ದಾಟುವವರೆಗೆ ಮಾವನ ತೊಡೆ ಬಿಟ್ಟು ಇಳಿಯಬಾರದು. ಮಾವನೆಂದರೆ ನನ್ನ ಮಗ ಮಂಜ. ಅವನು ಹಿಂದಿನ ದಿನವೇ ಬೀಗರ ಊರಿಗೆ ಹೋಗಿ, ಹೊಸ ಪಂಚೆ ಉಟ್ಟು, ಹೊಸ ಟವೆಲ್ಲು ಹೊದ್ದು ಸಿದ್ಧನಾಗಿದ್ದ. ನಾನು ಬೆಳಿಗ್ಗೆ ಕೆ.ಜಿ.ಎಫ್.ನಿಂದ ನೇರವಾಗಿ ಬಸ್ಸಿನಲ್ಲಿ ಗುಡ್ಡದ ಬುಡಕ್ಕೆ ಬಂದಿಳಿದೆ.

ಅವರ ಕಾರು ಬಂತು. ಬಾಗಿಲು ತೆರೆದು ನೋಡಿದರೆ ಚಿನ್ನಿ ಸೀಟಿನಲ್ಲಿದ್ದಾಳೆ, ಆದರೆ ಮುಮ್ಮುಖವಾಗಿ. ಸೀಟನ್ನು ತಿರುಗಿಸಿದ್ದಾರೆ. ತಿರುಗಿಸಿದವರಿಗೆ ಕಾರಿನ ಬೆಲ್ಟು ಹಾಯುವ ದಾರಿ ಗೊತ್ತಾಗದೆ, ಸೀಟಿನ ಕೈಯ ಮೇಲಿಂದ ಸುಮ್ಮನೆ ಸುತ್ತಿ ಸಿಕ್ಕಿಸಿದ್ದಾರೆ. ನಾನು ಒಂದು ಬೆರಳಿಂದ ತಳ್ಳಿದೆ, ಇಡೀ ಸೀಟು ಮಗುವಿನ ಸಮೇತ ವಾಲಿತು.

"ಇದನ್ಯಾರು ತಿರುಗಿಸಿದ್ದು?" ಎಂದೆ.

ಶ್ರೀನಿವಾಸ ಚಕ್ರದ ಗಾಳಿ ನೋಡತೊಡಗಿದ. ಭವ್ಯ ತಲೆ ತಗ್ಗಿಸಿದಳು. ವೆಂಕಟಮ್ಮನೇ ಹೇಳಿದರು: "ನಾನೇ ತಿರುಗ್ಸು ಅಂದೆ. ಮುಡಿ ಕೊಡಾಕೆ ಓಗೋ ಮಗ ದೇವ್ರಿಗೆ ಬೆನ್ನಾಕ್ಕಂಡು ಓಯ್ತದಾ ಟೀಚರಮ್ಮ? ನೀವೇ ಏಳಿ."

ನನಗೂ ದೇವರಿದ್ದಾನೆ, ನಾನೂ ಗರ್ಭಗುಡಿಯಿಂದ ಬೆನ್ನು ತೋರಿಸದೆ ಹಿಂದಡಿಯಿಟ್ಟು ಬರುವವಳೇ. ಆದರೆ ಸಡಿಲ ಸೀಟಿನಲ್ಲಿ, ತಿರುವುಗಳ ದಾರಿಯಲ್ಲಿ, ಎದುರಿಗೆ ಟೊಮ್ಯಾಟೊ ಲಾರಿಗಳು ನುಗ್ಗುವ ಹೊತ್ತಿನಲ್ಲಿ, ಆ ಕತ್ತು ದೇವರ ಮರ್ಯಾದೆಗಾಗಿ ಇಷ್ಟು ದೂರ ತೂಗಾಡಿಕೊಂಡು ಬಂದಿದೆ ಎಂದು ಅರಿವಾದಾಗ ಮೊದಲು ಅವಳನ್ನು ಸೀಟಿನಿಂದ ಎತ್ತಿಕೊಂಡೆ. ಹಸುಳೆಯ ಬೆನ್ನು ಕಂಡು ಮುನಿಸಿಕೊಳ್ಳುವಷ್ಟು ಸಣ್ಣವನೇ ದೇವರು? ಅವನ ಹೆಸರಿನಲ್ಲಿ ನಾವೇ ಮುನಿಸಿಕೊಂಡು, ನಾವೇ ನಿಯಮ ಕಟ್ಟಿ, ಅದರ ಹೊರೆಯನ್ನು ಮಾತು ಬಾರದ ಮಗುವಿನ ಕತ್ತಿನ ಮೇಲೆ ಹೇರುತ್ತೇವೆ. ಇದನ್ನೆಲ್ಲ ಅಲ್ಲೇ ಹೇಳಿಬಿಡುತ್ತಿದ್ದೆ. ಅಷ್ಟರಲ್ಲಿ ಶಾಸ್ತ್ರದ ಹೊತ್ತು ಮೀರುತ್ತದೆಂದು ಪೂಜಾರಿ ಕರೆದರು. ಮೆಟ್ಟಿಲು ಹತ್ತಿದೆವು.

ಮುಡಿ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಮಂಜನ ತೊಡೆಯಲ್ಲಿ ಅವಳು ಅತ್ತಳು, ಕತ್ತಿ ನಿಂತಾಗ ಬಿಕ್ಕಿದಳು, ನುಣ್ಣನೆಯ ತಲೆಗೆ ಗಂಧ ಬಳಿದಾಗ ತಣ್ಣಗಾಗಿ ಎಲ್ಲರನ್ನೂ ನೋಡಿ ನಕ್ಕಳು. ಕೂದಲಿಲ್ಲದ ಆ ತಲೆ ಎಷ್ಟು ಪುಟ್ಟದಾಗಿ, ಎಷ್ಟು ತೆಳುವಾಗಿ ಕಂಡಿತೆಂದರೆ ನೆತ್ತಿಯ ಮೆತ್ತನೆಯ ಭಾಗ ಮಿಡಿಯುವುದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ನಾನು ಎದ್ದು, ಶ್ರೀನಿವಾಸನಿಂದ ಕೀಲಿ ಇಸಿದುಕೊಂಡು, ಎಲ್ಲರಿಗಿಂತ ಮೊದಲು ಗುಡ್ಡವಿಳಿದು ಕಾರಿನ ಬಳಿಗೆ ಬಂದೆ; ಸೀಟನ್ನು ಬಿಚ್ಚಿ, ಹಿಮ್ಮುಖವಾಗಿ ಇಟ್ಟು, ಮಂಡಿಯೂರಿ ಮೈಭಾರ ಬಿಟ್ಟು ಬೆಲ್ಟು ಎಳೆದು ಕಟ್ಟಿದೆ. ಅಲುಗಿಸಿದೆ. ಮಿಸುಕಲಿಲ್ಲ.

ಅವರು ಇಳಿದು ಬಂದರು. ಮಂಜ ಮಗುವನ್ನೆತ್ತಿಕೊಂಡು ನೇರವಾಗಿ ಮುಂದಿನ ಬಾಗಿಲಿಗೆ ಹೋದ.

"ಎಲ್ಲಿಗೋ?" ಎಂದೆ.

"ತೊಡೆ ಬಿಟ್ಟು ಇಳಿಸಂಗಿಲ್ವಂತಲ್ಲಮ್ಮ, ವಸ್ಲು ದಾಟೋಗಂಟ" ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಎಸ್ತರಳ ಮೊಮ್ಮಗನನ್ನು ಆಸ್ಪತ್ರೆಯಲ್ಲಿ ನೋಡಿ ಬಂದವನು.

"ಈ ಕಾರು ಚಿನ್ನಿ ಸೀಟಿನಲ್ಲಿ ಕೂರದೆ ಹೊರಡಲ್ಲ" ಎಂದೆ. "ಕೀಲಿ ನನ್ನ ಹತ್ರ ಇದೆ."

ಬೀಗರ ಮುಂದೆ ಗಂಟಲು ಏರಿತು, ಸಂಸ್ಕಾರ ಹೋಯಿತು. ಪ್ರಸಾದ ಹಂಚುತ್ತಿದ್ದವರು ತಿರುಗಿ ನೋಡಿದರು. ವೆಂಕಟಮ್ಮನ ಮುಖ ಕೆಂಪಾಯಿತು. "ನಮ್ಮನೆ ಸಾಸ್ತ್ರ ನಿಮಗೆ ಆಟನಾ ಟೀಚರಮ್ಮ? ಮುಡಿ ಕೊಟ್ಟ ಮಗ, ನಾಳೆ ಏನಾರ ಎಚ್ಚುಕಮ್ಮಿ ಆದ್ರೆ ಯಾರ್ ಒಣೆ?" ಎಂದರು. ಅವರ ದನಿಯಲ್ಲಿ ಇದ್ದದ್ದು ಹಟವಲ್ಲ, ನಿಜವಾದ ಹೆದರಿಕೆ. ನನಗಿದ್ದದ್ದೂ ಅದೇ ಹೆದರಿಕೆ. ಇಬ್ಬರು ಅಜ್ಜಿಯರು ಒಂದೇ ಮಗುವಿಗಾಗಿ ಹೆದರಿ, ಒಬ್ಬರ ಮೇಲೊಬ್ಬರು ಉರಿದು ಬೀಳುತ್ತಿದ್ದೆವು.

ಜಾಣ ಮಂಜನಿಗೆ ಆಗ ಉಪಾಯ ಹೊಳೆಯಿತು. "ಅತ್ತೆ, ಬರೋವಾಗ ದೇವ್ರಿಗೆ ಬೆನ್ನಾಗ್ತದೆ ಅಂದ್ರಿ. ಈಗ ಸೀಟು ಇಂಗಿದ್ರೆ ಮಗ ದೇವ್ರ ಕಡೇನೇ ಮುಖ ಮಾಡ್ಕಂಡ್ ಬತ್ತದೆ, ನೋಡಿ. ನಾವೇ ಎಲ್ಲಾ ಬೆನ್ನಾಕ್ಕಂಡ್ ಓಗೋರು. ಇನ್ನು ತೊಡೆ ಅಂತೀರಾ, ನನ್ ತೊಡೆ ಮೇಲಿನ ಟವೆಲ್ಲು ಸೀಟಿಗಾಸ್ತೀನಿ. ಮಾವನ ತೊಡೆನೇ ಆಯ್ತಲ್ಲ."

ವೆಂಕಟಮ್ಮ ಗುಡ್ಡದ ಕಡೆ ನೋಡಿದರು, ಸೀಟಿನ ಕಡೆ ನೋಡಿದರು, ಬೆರಳಲ್ಲಿ ದಿಕ್ಕು ಅಳೆದರು. ಮುಖ ಸಡಿಲವಾಯಿತು. "ಅಂಗಾರೆ ಸರಿ" ಎಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಮಂಜ ದೊಡ್ಡ ಕೆಲಸ ಗೆದ್ದವನಂತೆ ನನ್ನತ್ತ ನೋಡಿ, ದಪ್ಪನೆಯ ಹೊಸ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಸಿ, ಅದರ ಮೇಲೆ ಮಗುವನ್ನು ಕೂರಿಸಿ, ಪಟ್ಟಿ ಸಿಕ್ಕಿಸಿದ.

ನನ್ನ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಗುಡ್ಡ ಇವತ್ತು ಹಿಂದಿದೆ, ಸರಿ. ನಾಳೆ ಮುಂದಿರುತ್ತದೆ, ಆಗ? ದಿಕ್ಕು ನೋಡಿ ಒಪ್ಪಿಕೊಂಡ ಸತ್ಯ ದಿಕ್ಕು ಬದಲಾದಾಗ ಉಳಿಯುತ್ತದೆಯೇ? ಹೋಗಲಿ, ಇವತ್ತಾದರೂ ಮಗು ಸರಿಯಾಗಿ ಕೂತಿತಲ್ಲ ಎಂದು ಬಗ್ಗಿ, ಅವಳ ಹೆಗಲ ಪಟ್ಟಿಯನ್ನು ಚಿವುಟಿದೆ. ಬೆರಳಿಗೆ ದಪ್ಪ ಮಡಿಕೆ ಸಿಕ್ಕಿತು. ಟವೆಲ್ಲನ್ನು ಒತ್ತಿದರೆ ಅದು ಕುಸಿದು, ಪಟ್ಟಿಗೂ ಮಗುವಿನ ಎದೆಗೂ ನಡುವೆ ನನ್ನ ಇಡೀ ಅಂಗೈ ಹೋಗುತ್ತಿತ್ತು. ಹೊಡೆತ ಬಿದ್ದಾಗ ಆ ಟವೆಲ್ಲು ಮೊದಲು ಕುಸಿಯುತ್ತದೆ, ಆಮೇಲೆ ಸಡಿಲ ಪಟ್ಟಿಯೊಳಗಿಂದ ಮಗು ಜಾರುತ್ತದೆ. ನೋಡುವವರಿಗೆ ಎಲ್ಲ ಸರಿಯಾಗಿದೆ: ಸೀಟಿದೆ, ದಿಕ್ಕಿದೆ, ಪಟ್ಟಿಯಿದೆ, ಶಾಸ್ತ್ರವೂ ಇದೆ. ಎಲ್ಲರನ್ನೂ ಸಂತೋಷಪಡಿಸಿದ ಈ ಏರ್ಪಾಟಿನಲ್ಲಿ ನಷ್ಟವಾಗಬಹುದಾದದ್ದು ಮಗು ಮಾತ್ರ. ರಾಜಿ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಇದೇ ಆಗಿರುತ್ತದೆ.

ನಾನು ಪಟ್ಟಿ ಬಿಚ್ಚಿ, ಟವೆಲ್ಲು ಎಳೆದು, ಮಂಜನ ಹೆಗಲ ಮೇಲೆಸೆದೆ.

"ಅಮ್ಮಾ!" ಎಂದ ಮಂಜ. ವೆಂಕಟಮ್ಮ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡರು.

"ಹೊದ್ದುಕೊಂಡು ಪಕ್ಕದಲ್ಲಿ ಕೂರು. ಕೈ ಹಿಡಿದುಕೋ ಅವಳದು. ನಿನ್ನ ತೊಡೆ ಅಷ್ಟು ದೊಡ್ಡದಿದ್ದರೆ ಪಕ್ಕದಿಂದಲೂ ಕಾಯುತ್ತೆ" ಎಂದೆ. ಪಟ್ಟಿಯನ್ನು ಹೆಗಲಿಗೆ ತಂದು, ಬೆರಳಿಗೆ ಮಡಿಕೆ ಸಿಗದಂತೆ ಎಳೆದೆ. ಚಿನ್ನಿ ಕಿರುಚಿದಳು. ಕೀಲಿಯನ್ನು ಶ್ರೀನಿವಾಸನ ಕೈಗಿಟ್ಟು ನಾನು ಹಿಂದಿನ ಸಾಲಿಗೆ ಹೋಗಿ ಕೂತೆ.

ಹಿಮ್ಮುಖ ಕೂತ ಮಗುವಿನ ಮುಖ ಹಿಂದಿನ ಸಾಲಿಗೆ, ಅಂದರೆ ನನಗೇ ಎದುರು. ಗುಡ್ಡದ ಬುಡದಿಂದ ಊರಿನವರೆಗೆ ಅವಳು ನನ್ನನ್ನೇ ನೋಡುತ್ತ ಅತ್ತಳು. ಗಂಧ ಬಳಿದ ಬೋಳು ತಲೆ, ಕೆಂಪಾದ ಮುಖ, ಕೆನ್ನೆಯ ಮೇಲಿಳಿಯುವ ನೀರು, ನನ್ನತ್ತ ಚಾಚಿದ ಪುಟ್ಟ ಕೈಗಳು. ಎತ್ತಿಕೋ ಎನ್ನುವ ಆ ಕೈಗಳನ್ನು ನೋಡಿಕೊಂಡು ಕೂರುವುದು ಕಷ್ಟವಲ್ಲವೆಂದು ನಾನು ಸುಳ್ಳು ಹೇಳಲಾರೆ. ನನ್ನ ಕಣ್ಣೂ ತುಂಬಿ ಬಂತು. ಎದ್ದು ಪಟ್ಟಿ ಬಿಚ್ಚಿಬಿಡುವಷ್ಟು ಸುಲಭದ ಕೆಲಸ ಬೇರೆ ಇರಲಿಲ್ಲ. ನಮ್ಮವರು ಮಕ್ಕಳನ್ನು ಸೀಟಿನಲ್ಲಿ ಕೂರಿಸದಿರುವುದು ಅಜ್ಞಾನದಿಂದ ಮಾತ್ರವಲ್ಲ, ಈ ಅಳುವಿಗೆ ಸೋತು ಎಂಬುದು ನನಗೆ ಅಲ್ಲಿ ಕೂತೇ ತಿಳಿದದ್ದು. ಅಳು ಈಗಲೇ ಕೇಳಿಸುತ್ತದೆ, ಅಪಘಾತ ಕೇಳಿಸುವುದಿಲ್ಲ. ಮಂಜ ಅವಳ ಬೆರಳು ಹಿಡಿದು ಏನೇನೋ ಹಾಡಿದ. "ಅಯ್ಯೋ ನಾ ತಲ್ಲಿ, ನಾ ಬಂಗಾರು" ಎಂದು ವೆಂಕಟಮ್ಮ ಮುಂದಿನ ಸೀಟಿನಲ್ಲಿ ತೆಲುಗಿನಲ್ಲಿ ಕೊರಗಿದರು. ಭವ್ಯ ಕಿಟಕಿಯಾಚೆ ನೋಡುತ್ತ, ಒಂದು ಮಾತೂ ಆಡದೆ ಕೂತಿದ್ದಳು.

ಆ ಮೌನ ನನ್ನ ಸಿಟ್ಟಿಗೆ ಕೊನೆಯ ತುಪ್ಪ. ಸೀಟು ತಂದವಳು ಅವಳು, ತಾಯಿ ಅವಳು, ಬೆಳಿಗ್ಗೆ ಸೀಟು ತಿರುಗಿಸುವಾಗ ಪಕ್ಕದಲ್ಲಿ ನಿಂತಿದ್ದವಳು ಅವಳು. ನಾನು ದಿನಾ ಈ ಕಾರಿನ ಹಿಂದಿನ ಸಾಲಿನಲ್ಲಿ ಕೂರಲು ಬರುತ್ತೇನೆಯೇ? ನಾಳೆ ನಾನು ಕೆ.ಜಿ.ಎಫ್.ನಲ್ಲಿರುತ್ತೇನೆ, ಚಿನ್ನಿ ಇಲ್ಲಿರುತ್ತಾಳೆ. ಒಂದು ದಿನ ಬೀಗರ ಮನೆಗೆ ಬಂದು ಕೂಗಾಡಿ ಹೋಗುವ ಅಜ್ಜಿಯಿಂದ ಯಾವ ಮಗುವೂ ಉಳಿಯುವುದಿಲ್ಲ. ಈ ಯೋಚನೆ ಬಂದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ನಾನು ಗೆದ್ದದ್ದು ಇವತ್ತಿನ ಒಂದು ದಾರಿಯನ್ನು ಮಾತ್ರ.

ಊರು ಹತ್ತಿರವಾಗುವಾಗ ಚಿನ್ನಿ ಅತ್ತು ಅತ್ತು ನಿದ್ದೆಹೋದಳು. ಮನೆಯ ಮುಂದೆ ಕಾರು ನಿಂತಿತು. ಮಂಜ ಮೆಲ್ಲಗೆ ಪಟ್ಟಿ ಬಿಚ್ಚಿ, ಅವಳನ್ನೆತ್ತಿ ಹೊಸಿಲು ದಾಟಿಸಿ, ಪಡಸಾಲೆಯಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡ. ಆರತಿ ಬೆಳಗಿ ಮುಗಿಸಿದ ವೆಂಕಟಮ್ಮ ಮಗುವಿನ ಅಂಗಿ ಸಡಿಲಿಸಿದವರು ಹೌಹಾರಿದರು. ಹೆಗಲ ಮೇಲೆ ಪಟ್ಟಿ ಒತ್ತಿದ ಜಾಗದಲ್ಲಿ ಒಂದು ಕೆಂಪು ಗೆರೆ.

"ನೋಡೀಗ! ಎಂಗ್ ಬರೆ ಬಿದ್ದೈತೆ ನೋಡಿ! ಇಷ್ಟು ಬಿಗಿಯಾ ಕಟ್ತಾರಾ ಎಳೇ ಮಗೀನ? ಕರೂನೂ ಇಂಗ್ ಕಟ್ಟಲ್ಲ ನಾವು" ಎಂದು, ಕಣ್ಣಲ್ಲಿ ನೀರು ತಂದುಕೊಂಡು, ಆ ಹೆಗಲನ್ನು ನನ್ನ ಮುಂದೆ ಹಿಡಿದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ದನಿ ಬಂತು.

"ಇರ್ಲಿ ಬಿಡಿ ಅತ್ತೆ" ಎಂದಳು ಭವ್ಯ. ಎದ್ದು ಬಂದು, ಮಗುವಿನ ಹೆಗಲ ಮೇಲೆ ಬೆರಳಾಡಿಸಿದಳು. "ಗೆರೆ ಸಂಜೆಗೆ ಓಯ್ತದೆ. ಎಸ್ತರ್ ಆಂಟಿ ಮೊಮ್ಮಗನ ತುಟಿ ಮೇಲಿರೋದು ಓಗಲ್ಲ. ನಾನೂ ನೋಡಿದೀನಿ."

ವೆಂಕಟಮ್ಮ ಸೊಸೆಯ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಶ್ರೀನಿವಾಸ ಗಂಟಲು ಸರಿಮಾಡಿಕೊಂಡು, ವಾತಾವರಣ ತಿಳಿಯಾಗಿಸಲೆಂಬಂತೆ, "ಸರಿ, ದೂರ ಓಗೋವಾಗ ಕಟ್ಟಾನ. ನಾಳೆ ಡೇರಿಗೆ ಕರ್ಕಂಡ್ ಓಗ್ತೀನಲ್ಲ, ಅದಕ್ಕೂ ಕಟ್ಬೇಕಾ? ಇಲ್ಲೇ ತಾನೆ" ಎಂದ.

"ಕಟ್ಬೇಕು" ಎಂದಳು ಭವ್ಯ.

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಬೇಗ ಬಂದು, ಬೇಗ ಹೋಗದ ದನಿ. ಅವಳು ನನ್ನ ಕಡೆ ತಿರುಗಲಿಲ್ಲ. ಗಂಡನ ಮುಂದೆ ಕೈ ಚಾಚಿ, ಕಾರಿನ ಕೀಲಿ ಇಸಿದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.